ಭಟ್ಟರು ಉಪ್ಪು ನೋಡಿದ ವರ್ಷ

ಇಪ್ಪತ್ತಾರು ವರ್ಷ ನಾನು ಚೆನ್ನೈನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದೆ. ನನ್ನ ಪಾಲಿಗೆ ಬಂದದ್ದು ರೊಮ್ಯಾಂಟಿಕ್ ಯುಗ. ಬಂದದ್ದು ಎಂದರೆ ಸುಳ್ಳಾಗುತ್ತದೆ, ಜಗಳವಾಡಿ ಕಿತ್ತುಕೊಂಡದ್ದು. ಯಾವುದಾದರೂ ವರ್ಷ ಆ ಪೇಪರ್ ಬೇರೆಯವರ ಪಾಲಾದರೆ ಒಂದು ವಾರ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಬಿಟ್ಟು, ಅಡ್ಯಾರಿನಲ್ಲಿ ಅವರು ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಬಂದು ಕೂತೆ. ಪಾಠ ಮಾಡುವ ಚಟ ಮಾತ್ರ ಬಿಡಲಿಲ್ಲ. ಕೇಳುವವರು ಬದಲಾದರು, ಅಷ್ಟೆ.

ನಾನು ಮಾಡುತ್ತಿದ್ದ ಪಾಠ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಒಂದು ಕಾಲದಲ್ಲಿ ಚಿತ್ರ ಬರೆಯುವವರು, ಪದ್ಯ ಕಟ್ಟುವವರು, ಕಲ್ಲು ಕೆತ್ತುವವರು ಎಲ್ಲರೂ ಕಸುಬಿನವರೇ ಆಗಿದ್ದರು. ಗುರು ಹೇಗೆ ಮಾಡಿದರೋ ಹಾಗೆಯೇ ಮಾಡಿ ತೋರಿಸುವುದು ದೊಡ್ಡ ವಿದ್ಯೆ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಯುರೋಪಿನ ಕೆಲವು ಹುಡುಗರು ಇದನ್ನು ಒಪ್ಪಲಿಲ್ಲ. ಕಲೆ ಹುಟ್ಟುವುದು ಒಳಗಿನಿಂದ, ಅದಕ್ಕೆ ಹೃದಯವೇ ಅಳತೆ, ಇನ್ನೊಬ್ಬರ ಹಾಗೆ ಮಾಡಿದರೆ ಸತ್ತಂತೆ ಎಂದರು. ಪ್ರತಿ ಮನುಷ್ಯನೊಳಗೂ ಅವನಿಗೆ ಮಾತ್ರ ಸಿಕ್ಕಿದ ಏನೋ ಒಂದು ಇದೆ, ಅದನ್ನು ಹೊರಗೆ ತರುವುದೇ ಬದುಕು ಎಂದರು. ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ಏರಿರುತ್ತಿತ್ತು. ಕೊನೆಯ ಬೆಂಚಿನ ಹುಡುಗಿಯರೂ ಮೊಬೈಲ್ ಬಿಟ್ಟು ತಲೆಯೆತ್ತುತ್ತಿದ್ದರು.

ಆಮೇಲೆ ಅವರಿಗೆ ಕಿಟಕಿಯಾಚೆ ನೋಡಿ ಎನ್ನುತ್ತಿದ್ದೆ. ರಸ್ತೆಯಲ್ಲಿ ನಿಂತಿರುವ ನಲವತ್ತಡಿ ಕಟೌಟ್ ಯಾರ ಸಂತಾನ? ಯಾವನೋ ಒಬ್ಬ ಮಹಾಪುರುಷ ಬಂದು ದೇಶ ಸರಿಮಾಡುತ್ತಾನೆ ಎಂದು ಕಾಯುವುದು, ಭಾಷೆಯನ್ನು ತಾಯಿ ಎಂದು ಕರೆದು ಅವಳಿಗಾಗಿ ಜೀವ ಕೊಡುತ್ತೇನೆ ಅನ್ನುವುದು, ಮನೆಯಲ್ಲಿ ಅತ್ತು ಕರೆದು ಮೆಚ್ಚಿದವನನ್ನೇ ಮದುವೆಯಾಗುವುದು, ನಿಮ್ಮ ಟೀ ಶರ್ಟಿನ ಮೇಲೆ ‘ನೀನು ನೀನಾಗಿರು’ ಎಂದು ಬರೆಸಿಕೊಳ್ಳುವುದು, ಕೆಲಸದ ಇಂಟರ್‌ವ್ಯೂನಲ್ಲಿ ನಿನ್ನ ಪ್ಯಾಶನ್ ಏನು ಎಂದು ಕೇಳಿಸಿಕೊಳ್ಳುವುದು, ಎಲ್ಲ ಆ ಹುಡುಗರು ಬಿತ್ತಿದ್ದೇ. ಈ ಊರಿನಲ್ಲಿ ಇದನ್ನು ವಿವರಿಸಲು ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ.

ನಾನೂ ಆ ಪೈಕಿಯೇ. ಮೂರು ದಿನ ಊಟ ಬಿಟ್ಟು ತಮಿಳು ಸಹಪಾಠಿಯನ್ನು ಮದುವೆಯಾದವಳು. ಸಂಸಾರ ಚೆನ್ನಾಗಿಯೇ ನಡೆದಿದೆ, ಆ ಬಗ್ಗೆ ದೂರಿಲ್ಲ. ಅದೇ ಆದರ್ಶ ನನಗೆ ಇನ್ನೊಂದು ಮುಖವನ್ನೂ ತೋರಿಸಿತ್ತು. ನದಿ ನೀರಿನ ಗಲಾಟೆ ಎದ್ದಾಗ ನಮ್ಮ ಬೋರ್ಡಿನ ಕನ್ನಡ ಅಕ್ಷರಗಳ ಮೇಲೆ ಅಪ್ಪ ಹಳೇ ಪಂಚೆ ಕಟ್ಟುತ್ತಿದ್ದರು. ಆ ಕಡೆ ತಮಿಳು ತಾಯಿ, ಈ ಕಡೆ ಕನ್ನಡ ತಾಯಿ, ನಡುವೆ ನಮ್ಮ ಹೋಟೆಲಿನ ಗಾಜು. ಆಗಲೂ ನನ್ನ ನಂಬಿಕೆ ಅಲ್ಲಾಡಲಿಲ್ಲ. ತಪ್ಪು ಜನರದ್ದು, ವಿಚಾರದ್ದಲ್ಲ ಎಂದುಕೊಂಡೆ.

ಇನ್ನು ನಮ್ಮ ಭಟ್ಟರು. ನಮ್ಮ ಮನೆಯವರ ಹಾಗೆಯೇ ಅವರೂ ಉಡುಪಿ ಕಡೆಯವರು. ನಾನು ಕಾಲೇಜು ಓದುತ್ತಿದ್ದಾಗ ಅಪ್ಪನ ಹೋಟೆಲಿಗೆ ಅಡುಗೆಗೆ ಬಂದು ಸೇರಿದವರು, ಈಗ ಅರವತ್ತು ದಾಟಿದೆ. ನಮ್ಮ ಅಡುಗೆಮನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಗಿನ ಸಾಂಬಾರಿನಲ್ಲಿ ಒಂದು ಬಟ್ಟಲು ದೇವರ ಪಟದ ಮುಂದೆ ಇಟ್ಟು ಕೈಮುಗಿಯುವವರೆಗೆ ಯಾರೂ ಬಾಯಿಗೆ ಹಾಕುವಂತಿಲ್ಲ. ಎಂದರೆ ಅಡುಗೆ ಮಾಡುವವರು ಉಪ್ಪು ನೋಡುವಂತೆಯೇ ಇಲ್ಲ. ಕೊಪ್ಪರಿಗೆ ಕುದಿಯುವಾಗ ಭಟ್ಟರು ಹಬೆಗೆ ಮುಖ ಒಡ್ಡಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು, ಮುಷ್ಟಿಯಿಂದ ಉಪ್ಪು ಬಿಡುತ್ತಿದ್ದರು, ಮುಗಿಯಿತು. ಮಧ್ಯಾಹ್ನ ಎಲ್ಲರ ಜೊತೆ ಕೂತು ಅದನ್ನೇ ಉಣ್ಣುತ್ತಿದ್ದರು, ಆದರೆ ಅದು ಹಸಿವಿಗೆ, ಪರೀಕ್ಷೆಗಲ್ಲ. ಮೂವತ್ತು ವರ್ಷ ಅವರು ತಮ್ಮ ಅಡುಗೆಯ ರುಚಿ ನೋಡದೆ ಅಡುಗೆ ಮಾಡಿದ್ದರು, ಮತ್ತು ಅದು ಒಂದು ದಿನವೂ ಕೆಟ್ಟಿರಲಿಲ್ಲ.

ಕೌಂಟರಿನಲ್ಲಿ ಕೂತ ಮೊದಲ ವರ್ಷ ನನಗೆ ಇದು ನುಂಗಲಾರದ ತುತ್ತಾಯಿತು. ಇಷ್ಟು ದೊಡ್ಡ ಕಲಾವಿದರು ಒಳಗೆ ಹೊಗೆಯಲ್ಲಿ ನಿಂತಿದ್ದಾರೆ, ಹೊರಗೆ ಕೂತು ತಿನ್ನುವ ಒಬ್ಬರಿಗೂ ಅವರ ಹೆಸರು ಗೊತ್ತಿಲ್ಲ. ಇದು ಅನ್ಯಾಯ ಎಂದು ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಆ ಸಿಟ್ಟಿನಲ್ಲಿ ನನ್ನದೂ ಒಂದು ಪಾಲಿತ್ತು. ಎರಡು ನೋಟ್‌ಬುಕ್ ತುಂಬ ಪದ್ಯ ಬರೆದಿಟ್ಟು, ಕಳಿಸಿದ ಕಡೆಯಿಂದೆಲ್ಲ ವಾಪಸು ಪಡೆದವಳು ನಾನು. ನನ್ನೊಳಗಿನದು ಹೊರಗೆ ಬರಲಿಲ್ಲ, ಇವರದ್ದಾದರೂ ಬರಲಿ ಎಂಬ ಆಸೆ. ಆಗ ಅದನ್ನು ಉಪಕಾರ ಎಂದುಕೊಂಡಿದ್ದೆ.

ನನ್ನ ಮಗಳನ್ನು ಕರೆದೆ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವಳು, ವಿಡಿಯೊ ಮಾಡುವುದರಲ್ಲಿ ಮಾತ್ರ ನಿಪುಣೆ. ಹಬೆಯೊಳಗೆ ಕಣ್ಣು ಮುಚ್ಚಿ ನಿಂತ ಭಟ್ಟರನ್ನು ಚಿತ್ರೀಕರಿಸಿದಳು. ರುಚಿ ನೋಡದ ಮಹಾನ್ ಕೈ ಎಂದು ನಾನೇ ಕೆಳಗೆ ಬರೆದುಕೊಟ್ಟೆ. ಅದನ್ನು ಎಷ್ಟು ಜನ ನೋಡಿದರೋ, ಶನಿವಾರ ಭಾನುವಾರ ಬಾಗಿಲಲ್ಲಿ ಸಾಲು ನಿಲ್ಲತೊಡಗಿತು. ಕೌಂಟರಿನ ಹಿಂದೆ ಭಟ್ಟರ ದೊಡ್ಡ ಫೋಟೊ ಹಾಕಿಸಿದೆ. ಕಟೌಟಿನ ಬಗ್ಗೆ ಕ್ಲಾಸಿನಲ್ಲಿ ತಮಾಷೆ ಮಾಡುತ್ತಿದ್ದವಳು ಮೂರಡಿಯಲ್ಲಿ ನಾನೂ ಒಂದು ನಿಲ್ಲಿಸಿದೆ. ಜನ ಒಳಗೆ ಹೋಗಿ ಅವರ ಜೊತೆ ಸೆಲ್ಫಿ ತೆಗೆದುಕೊಂಡರು. ಭಟ್ಟರಿಗೆ ಸಂಕೋಚವಾದರೂ ಹೆಗಲ ಮೇಲಿನ ಟವೆಲು ದಿನಾ ಹೊಸದಾಗಿ ಮಡಿಚಿರುತ್ತಿತ್ತು. ಅವರಿಗೂ ಒಳಗೊಳಗೇ ಖುಷಿಯಾಗಿತ್ತು, ಇಲ್ಲ ಅನ್ನುವುದಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಹೇಗೋ ನಡೆಯುತ್ತಿತ್ತು. ನನಗೆ ತೃಪ್ತಿಯಿಲ್ಲ. ಇಷ್ಟು ದಿನ ಬೇರೆಯವರು ಕಲಿಸಿಕೊಟ್ಟದ್ದನ್ನು ಮಾಡಿದ್ದಾಯಿತು, ಇನ್ನು ಪೂರ್ತಿ ನಿಮ್ಮದೇ ಆದ ಒಂದು ಪದಾರ್ಥ ಮಾಡಿ ಎಂದು ಬೆನ್ನು ಹತ್ತಿದೆ. ಭಟ್ಟರು ಒಂದು ವಾರ ಯೋಚಿಸಿ ಮಾವಿನಕಾಯಿ ಗೊಜ್ಜು ಮಾಡಿ ತಂದರು. ಯಾರದ್ದು ಎಂದರೆ ಅವರ ಅಮ್ಮನದ್ದು. ಇನ್ನೊಂದು ವಾರ ಕೆಸುವಿನ ಸೊಪ್ಪಿನದ್ದೇನೋ ಬಂತು, ಅದು ಅವರಿಗೆ ಅಡುಗೆ ಕಲಿಸಿದವರದ್ದು. ನಾನು ಬೇಡವೆಂದೆ. ಅವರು ಕೈಯೊರೆಸಿಕೊಂಡರು.

“ನನ್ನದು ಅಂದ್ರೆ ಎಂತ ಅಮ್ಮ?” ಎಂದು ಕೇಳಿದರು.

ನಿಮಗೆ ಒಳಗಿನಿಂದ ಅನ್ನಿಸಿದ್ದು ಎಂದೆ. ಕ್ಲಾಸಿನಲ್ಲಿ ಇಷ್ಟು ಹೇಳಿದರೆ ಹುಡುಗಿಯರ ಮುಖ ಅರಳುತ್ತಿತ್ತು. ಭಟ್ಟರ ಮುಖ ಕಳೆಗುಂದಿತು. ನಾನು ಅದನ್ನು ಸೃಷ್ಟಿಯ ಸಂಕಟ ಎಂದು ತಿಳಿದು ಸಂತೋಷಪಟ್ಟೆ.

ಕೊನೆಗೆ ಅವರು ನೇರಳೆಹಣ್ಣಿನ ಸಾಂಬಾರು ಮಾಡಿದರು. ಊದಾ ಬಣ್ಣ, ಹುಳಿಯಲ್ಲದ ಒಗರಲ್ಲದ ಎಂಥದೋ ರುಚಿ. ಚೆನ್ನಾಗಿಯೇ ಇತ್ತು. ಹಿಂದೆ ಯಾರೂ ಮಾಡದಿದ್ದ ಅಡುಗೆ, ಅಳತೆ ಹೇಳುವವರಿಲ್ಲ, ಆದ್ದರಿಂದ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡದೆ ಗತ್ಯಂತರವಿರಲಿಲ್ಲ. ಅವತ್ತು ದೇವರ ಪಟದ ಮುಂದೆ ಆ ಸಾಂಬಾರು ಇಟ್ಟಿರಲಿಲ್ಲ. ಯಾಕೆ ಎಂದು ಕೇಳಿದೆ.

“ಇದು ನನ್ನದಲ್ವಾ,” ಎಂದರು ಭಟ್ಟರು. ಅವರು ಕುಹಕವಾಡಲಿಲ್ಲ, ನಿಜವಾಗಿಯೂ ಹಾಗೆಯೇ ತಿಳಿದಿದ್ದರು. ನಾನು ಅಲ್ಲಿಯೇ ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳುವ ಬದಲು ಆ ಮಾತನ್ನು ಮಗಳಿಗೆ ಹೇಳಿ ವಿಡಿಯೊದಲ್ಲಿ ಹಾಕಿಸಿದೆ.

ಒಂದು ಸಲ ರುಚಿ ನೋಡಿದ ನಾಲಿಗೆ ಆಮೇಲೆ ಸುಮ್ಮನಿರಲಿಲ್ಲ. ಭಟ್ಟರು ದಿನದ ಸಾಂಬಾರನ್ನೂ ನೋಡತೊಡಗಿದರು. ದೇವರಿಗೆ ಇಡುವುದಕ್ಕೆ ಮೊದಲೇ ಒಂದು ತೊಟ್ಟು, ಸಂದೇಹ ಬಂದು ಇನ್ನೊಂದು, ಸ್ವಲ್ಪ ಉಪ್ಪು ಹಾಕಿ ಮತ್ತೊಂದು. ಏಳೆಂಟು ಸಲ ಬಿಸಿ ಬಿಸಿ ನೆಕ್ಕಿದ ನಾಲಿಗೆಗೆ ಏನು ತಿಳಿದೀತು? ಸೋಮವಾರ ಉಪ್ಪು ಹೆಚ್ಚು, ಬುಧವಾರ ಸಪ್ಪೆ, ಶುಕ್ರವಾರ ಹುಳಿ ಮುಂದೆ. ಮೊದಮೊದಲು ನಾನು ಅದನ್ನೂ ಸಮರ್ಥಿಸಿಕೊಂಡೆ. ನಮ್ಮಲ್ಲಿ ದಿನಾ ಬೆಳಗ್ಗೆ ಇಡ್ಲಿಗೆ ಬರುವ ಹಿರಿಯರೊಬ್ಬರಿದ್ದಾರೆ. ಮಣಲಿಯ ಒಂದು ಪೆಟ್ರೋಲ್ ಶುದ್ಧೀಕರಣ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅವರು ಬಟ್ಟಲು ದೂಡಿದಾಗ, ದೊಡ್ಡ ಕಲಾವಿದರಿಗೆ ಒಂದೊಂದು ದಿನ ಒಂದೊಂದು ಮೂಡ್ ಇರುತ್ತದೆ ಎಂದೆ.

“ಅಮ್ಮಾ, ಎನಕ್ಕು ಮೂಡ್ ವೇಂಡಾಂ, ಸಾಂಬಾರ್ ಪೋದುಂ,” ಎಂದರು ಅವರು. ಮೂಡ್ ಬೇಡ, ಸಾಂಬಾರು ಸಾಕು. ನಮ್ಮ ಪ್ಲಾಂಟಿನಲ್ಲಿ ಒಬ್ಬೊಬ್ಬರೂ ತಮ್ಮ ಮೂಡಿಗೆ ತಕ್ಕ ಹಾಗೆ ವಾಲ್ವ್ ತಿರುಗಿಸಿದ್ದರೆ ನೀವೂ ಇರುತ್ತಿರಲಿಲ್ಲ, ನಿಮ್ಮ ಹೋಟೆಲೂ ಇರುತ್ತಿರಲಿಲ್ಲ ಎಂದು ತಮಿಳಿನಲ್ಲೇ ಸೇರಿಸಿದರು. ನಾನು ನಗಲು ನೋಡಿದೆ, ಬರಲಿಲ್ಲ.

ಅದಾಗಿ ಕೆಲವು ದಿನಕ್ಕೆ, ಬೆಳಗಿನ ಏಳೂವರೆಗೆ, ಒಂದು ಮೇಜೂ ಖಾಲಿಯಿಲ್ಲದ ಹೊತ್ತಿನಲ್ಲಿ ಭಟ್ಟರು ಅಡುಗೆಮನೆ ಬಿಟ್ಟು ಕೌಂಟರಿಗೆ ಬಂದರು. ಮೂವತ್ತು ವರ್ಷದಲ್ಲಿ ಆ ಹೊತ್ತಿಗೆ ಅವರು ಹೊರಗೆ ಬಂದದ್ದೇ ಇಲ್ಲ. ತಮ್ಮದೇ ಫೋಟೊದ ಕೆಳಗೆ ನಿಂತು ಮುಚ್ಚಿದ ಮುಷ್ಟಿಯನ್ನು ನನ್ನ ಮುಂದೆ ಚಾಚಿದರು. ಬೆರಳ ಸಂದಿನಿಂದ ಉಪ್ಪು ಉದುರಿ ಬಿಲ್ಲಿನ ಪುಸ್ತಕದ ಮೇಲೆ ಬೀಳುತ್ತಿತ್ತು.

“ಎಷ್ಟು ಹಾಕುದು ಅಂತ ಗೊತ್ತಾಗುದಿಲ್ಲ ಅಮ್ಮ,” ಎಂದರು.

ಈ ಮನುಷ್ಯನಿಗೆ ಬೇರೆ ವಿದ್ಯೆಯಿಲ್ಲ, ಬೇರೆ ಆಸ್ತಿಯಿಲ್ಲ. ಆ ಕೈಯೊಂದೇ ಅವರದ್ದು, ಅದನ್ನು ನಾನು ಕೆಡಿಸಿದ್ದೆ. ಇನ್ನು ಅವರು ಒಲೆಯ ಮುಂದೆ ನಿಲ್ಲಬಲ್ಲರೋ ಇಲ್ಲವೋ ಎಂಬ ಪ್ರಶ್ನೆ ಅವತ್ತಿನಿಂದ ತಿಂಗಳುಗಟ್ಟಲೆ ನನ್ನನ್ನು ಬಿಡಲಿಲ್ಲ.

ಆ ಮಧ್ಯಾಹ್ನ ಜನ ಕರಗಿದ ಮೇಲೆ ಅವರನ್ನು ಕೂರಿಸಿ ಮಾತನಾಡಿದೆ. ದಣಿವು, ವಯಸ್ಸು, ಒಂದು ತಿಂಗಳು ಊರಿಗೆ ಹೋಗಿ ಬನ್ನಿ ಎಂದೆಲ್ಲ ಹೇಳಿದೆ. ಅವರು ಅದಲ್ಲ ಎಂದು ತಲೆಯಲ್ಲಾಡಿಸಿದರು. ಆಗ ಅವರು ಹೇಳಿದ ಮಾತು ನನಗೆ ಈಗಲೂ ಹಾಗೆಯೇ ಕೇಳಿಸುತ್ತದೆ.

“ಮೊದಲು ಉಪ್ಪು ಹಾಕುವಾಗ ನಾನು ಒಬ್ಬನೇ ಅಲ್ಲ. ನನಗೆ ಕಲಿಸಿದವರು ಇದ್ರು, ಅವರಿಗೆ ಕಲಿಸಿದವರು ಇದ್ರು, ಹಿಂದೆ ದೇವರು ಇದ್ದ. ಈಗ ಕೊಪ್ಪರಿಗೆ ಮುಂದೆ ನಿಂತ್ರೆ ಯಾರೂ ಇಲ್ಲ. ನಾನೊಬ್ಬನೇ. ನೀವು ನನ್ನನ್ನು ದೊಡ್ಡವ ಮಾಡುಲಿಕ್ಕೆ ಹೋಗಿ ಒಬ್ಬಂಟಿ ಮಾಡಿಬಿಟ್ರಿ.”

ನಾನು ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರು ಕೇಳಿಕೊಂಡದ್ದು ಎರಡೇ. ಆ ಫೋಟೊ ತೆಗೆಯಬೇಕು, ಮತ್ತು ಅವರಿಗೆ ತರಕಾರಿ ಹೆಚ್ಚುವ ಕೆಲಸ ಕೊಡಬೇಕು. ಸಂಬಳ ಕಡಿಮೆ ಮಾಡಿ ಎಂದೂ ಹೇಳಿದರು, ಆಗ ಮಾತ್ರ ನಾನು ದನಿಯೇರಿಸಿದೆ. ಫೋಟೊ ಅವತ್ತೇ ಇಳಿಯಿತು. ಮಗಳು ವಿಡಿಯೊ ಅಳಿಸಿದಳು. ಅಳಿಸುವಾಗ ಅವಳ ಮುಖವೂ ಸಪ್ಪಗಾಗಿತ್ತು.

ಸಾಂಬಾರು ಯಾರು ಮಾಡುವುದು? ನಮ್ಮಲ್ಲಿ ದೋಸೆ ಹುಯ್ಯುವವರು ತಿರುವಣ್ಣಾಮಲೈ ಕಡೆಯ ತಮಿಳರು, ನಲವತ್ತೈದರ ಆಸುಪಾಸು. ಹನ್ನೆರಡು ವರ್ಷದಿಂದ ಇದ್ದರೂ ಸಾಂಬಾರಿನ ಒಲೆಯ ಹತ್ತಿರ ಬಂದವರಲ್ಲ. ಅಪ್ಪನ ಕಾಲದಲ್ಲಿ ಆ ಒಲೆ ನಮ್ಮ ಕಡೆಯ, ನಮ್ಮ ಜಾತಿಯ ಭಟ್ಟರಿಗೇ ಮೀಸಲು. ಈ ದೋಸೆಯವರಿಗೆ ಕಲಿಸಿ ಎಂದು ನಾನು ಭಟ್ಟರನ್ನು ಕೇಳಿದೆ. ಅವರು ಮಾರನೆಯ ದಿನ ಆಗಲಿ ಎಂದರು.

ಇದನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಹಳೆಯದೆಲ್ಲ ಬಂಗಾರ ಎಂದು ನಾನು ಹಾಡುತ್ತಿದ್ದೇನೆ ಎಂದಾದೀತು. ಗುರುವಿನ ಗುರುವಿನ ಸಾಲು ಚೆಂದ ನಿಜ, ಆದರೆ ಆ ಸಾಲಿನೊಳಗೆ ಎಲ್ಲರಿಗೂ ಪ್ರವೇಶ ಇರಲಿಲ್ಲ. ಯಾವ ಜಾತಿಯಲ್ಲಿ ಹುಟ್ಟಿದರೂ ಮನುಷ್ಯನಿಗೆ ಅವನದ್ದೇ ಬೆಲೆ ಇದೆ ಎಂದು ನಾನು ನಂಬಿದ್ದರಲ್ಲಿ ನನ್ನ ಆ ಯುರೋಪಿನ ಹುಡುಗರ ಪಾಲೂ ಇದೆ. ಆ ಬಾಗಿಲು ತೆರೆಯಿರಿ ಎಂದು ಕೇಳುವ ಧೈರ್ಯ ನನಗೆ ಬಂದದ್ದು ಅಲ್ಲಿಂದ. ಹಾಗಾಗಿ ಅವರನ್ನು ಪೂರ್ತಿ ಬೈಯಲೂ ನನಗೆ ಬಾಯಿ ಬರುವುದಿಲ್ಲ. ಅವರು ಕೊಟ್ಟದ್ದನ್ನು ತಂದು ನಾನು ಎಲ್ಲಿ ಸುರಿದೆ ಎಂಬುದೇ ನನ್ನ ತಪ್ಪು.

ಕಲಿಕೆ ಆರು ತಿಂಗಳು ನಡೆಯಿತು. ಭಟ್ಟರು ಬೂದುಗುಂಬಳ ಹೆಚ್ಚುತ್ತ ಮಣೆಯ ಮೇಲೆ ಕೂತೇ ಹೇಳುತ್ತಿದ್ದರು. ಬೇಳೆ ಎಷ್ಟು, ಹುಣಸೆ ಎಷ್ಟು, ಹುರಿದ ಮಸಾಲೆ ಯಾವಾಗ ಹಾಕಬೇಕು, ಎಲ್ಲ ಮುರುಕು ತಮಿಳಿನಲ್ಲಿ. ಹಬೆಗೆ ಮುಖ ಕೊಡಲು ಹೇಳಿದರು. ಬಾಯಿಗೆ ಹಾಕಕೂಡದು ಎಂದು ಖಡಾಖಂಡಿತವಾಗಿ ಹೇಳಿದರು. ಮೊದಲ ಎರಡು ತಿಂಗಳ ಸಾಂಬಾರನ್ನು ನೆನೆಸಿಕೊಳ್ಳದಿರುವುದೇ ಒಳ್ಳೆಯದು. ಒಲೆಯ ಹತ್ತಿರ ಬನ್ನಿ ಎಂದು ಆ ದೋಸೆಯವರು ಎಷ್ಟು ಕರೆದರೂ ಭಟ್ಟರು ಮಣೆ ಬಿಟ್ಟು ಏಳಲಿಲ್ಲ. ನಾನು ದಿನಾ ಬೆಳಗ್ಗೆ ಒಳಗೆ ಇಣುಕಿ, ಅವರು ಮಣೆಯ ಮೇಲೆಯೇ ಇದ್ದಾರೆಂದು ನೋಡಿ, ಭಾರವಾದ ಮನಸ್ಸಿನಿಂದ ಕೌಂಟರಿಗೆ ಮರಳುತ್ತಿದ್ದೆ.

ಕಳೆದ ತಿಂಗಳು ಒಂದು ಬೆಳಗ್ಗೆ ಮಣಲಿಯ ಆ ಹಿರಿಯರು ಇಡ್ಲಿಗೆ ಎರಡನೆಯ ಬಟ್ಟಲು ಸಾಂಬಾರು ಹಾಕಿಸಿಕೊಂಡರು. ಮೂರನೆಯದನ್ನೂ ಹಾಕಿಸಿಕೊಂಡರು. ಕೈತೊಳೆದು ಕೌಂಟರಿಗೆ ಬಂದವರು, ಭಟ್ಟರ ಕೈ ವಾಪಸು ಬಂತು, ಅವರಿಗೆ ನನ್ನ ನಮಸ್ಕಾರ ಹೇಳಿ ಎಂದು ಹೇಳಿ ಹೋದರು.

ನಾನು ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಆ ಸಾಂಬಾರು ಭಟ್ಟರದ್ದಲ್ಲ. ಇದನ್ನು ಹೇಗೆ ಅವರಿಗೆ ಹೇಳಲಿ? ನಿಮ್ಮ ಮೂವತ್ತು ವರ್ಷದ ವಿದ್ಯೆಯನ್ನು ಇನ್ನೊಬ್ಬರು ಆರು ತಿಂಗಳಲ್ಲಿ ಮಾಡಿ ತೋರಿಸಿದರು, ಅದನ್ನೇ ಜನ ನಿಮ್ಮದೆಂದು ತಿಳಿದರು ಎಂದರೆ ಯಾರಿಗೆ ತಾನೇ ಎದೆ ಒಡೆಯುವುದಿಲ್ಲ? ನನಗಾಗಿದ್ದರೆ ಒಡೆಯುತ್ತಿತ್ತು. ನನ್ನ ಪದ್ಯದ ಹಾಗೆಯೇ ಇನ್ನೊಬ್ಬಳು ಬರೆದು ಅದನ್ನು ನನ್ನದೆಂದು ಯಾರಾದರೂ ಹೊಗಳಿದ್ದರೆ ನಾನು ಆ ಊರಿನಲ್ಲೇ ಇರುತ್ತಿರಲಿಲ್ಲ. ಅರ್ಧ ಗಂಟೆ ಕೌಂಟರಿನಲ್ಲೇ ಕೂತು, ಬಚ್ಚಿಡಲು ಮನಸ್ಸು ಬಾರದೆ, ಕೊನೆಗೆ ಒಳಗೆ ಹೋದೆ. ಭಟ್ಟರು ಬೀನ್ಸ್ ಹೆಚ್ಚುತ್ತಿದ್ದರು. ನಡೆದದ್ದನ್ನು ನೆಲ ನೋಡುತ್ತ ಹೇಳಿದೆ.

ಚೂರಿ ನಿಂತಿತು.

“ನಾನೇ ಮಾಡಿದ್ದು ಅಂತ ತಿಳ್ಕೊಂಡ್ರಾ ಅವರು?”

“ಹೌದು ಭಟ್ರೇ.”

“ಸ್ವಲ್ಪವೂ ಗೊತ್ತಾಗ್ಲಿಲ್ಲವಾ?”

ಇಲ್ಲ ಎಂದೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ನಗುವ ಸದ್ದು ಕೇಳಿ ತಲೆಯೆತ್ತಿದೆ. ಭಟ್ಟರು ನಗುತ್ತಿದ್ದರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ದೋಸೆಯವರನ್ನು ಕರೆದು ತಮ್ಮ ಮುರುಕು ತಮಿಳಿನಲ್ಲಿ ಎಲ್ಲವನ್ನೂ ಹೇಳಿದರು, ಅವರ ಬೆನ್ನಿಗೊಂದು ಗುದ್ದಿದರು, ಇಬ್ಬರೂ ಸೇರಿ ನಕ್ಕರು. ವಿಡಿಯೊ ಓಡಿದ ದಿನವಾಗಲಿ, ಬಾಗಿಲಲ್ಲಿ ಸಾಲು ನಿಂತ ದಿನವಾಗಲಿ ನಾನು ಆ ಮುಖದಲ್ಲಿ ಇಂಥ ಸಂತೋಷ ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ. ಇದು ನನ್ನದು ಎಂದು ಯಾರಾದರೂ ಗುರುತಿಸಲಿ ಎಂದು ಬದುಕಿಡೀ ಕಾದವಳ ಎದುರಿನಲ್ಲಿ, ತಮ್ಮದು ಯಾವುದೆಂದು ಗುರುತು ಸಿಗಲಿಲ್ಲ ಎಂದು ಒಬ್ಬರು ಕುಣಿಯುತ್ತಿದ್ದರು.

ಭಟ್ಟರು ಟವೆಲಿನಿಂದ ಕಣ್ಣೊರೆಸಿಕೊಂಡರು. ಮಣೆಯಿಂದ ಎದ್ದು, ಚೂರಿಯನ್ನು ನಲ್ಲಿಯಲ್ಲಿ ತೊಳೆದು, ಅದನ್ನು ದೋಸೆಯವರ ಕೈಗೆ ಕೊಟ್ಟರು.

“ಹಾಗಾದ್ರೆ ಆ ಕೈ ನನ್ನೊಬ್ಬನದ್ದಲ್ಲ ಅಂತ ಆಯ್ತಲ್ಲ ಅಮ್ಮ,” ಎಂದರು. “ನಾಳೆ ಸಾಂಬಾರು ನಾನೇ ಮಾಡ್ತೇನೆ.”